ತಿದ್ದುಪಡಿ

ಮೊದಲ ವರ್ಷ ಅಡೊಬಿಯಾ ಮೇಡಂ ಕಲಿಸಿದ್ದು ಇಷ್ಟೇ:
ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ.
'ಯಾರು' ಎಂಬುದರ ಕೆಳಗೆ ಮಾತ್ರ
ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಎರಡು ಗೆರೆ.
ಹಿಂದಿನ ಬೆಂಚಿನಲ್ಲಿ ನಾವು
ಟಿವಿಯಲ್ಲಿ ವಾರ್ತೆ ಓದುವ ದನಿಯನ್ನು
ಗಂಟಲ ತಳದಿಂದ ಎತ್ತಿ ನೋಡುತ್ತಿದ್ದೆವು:
"ಅಕ್ರಾದಿಂದ, ಸಿಟ್ಸೊಫೆ."

ಅಕ್ರಾದವನಲ್ಲ ನಾನು. ವೋಲ್ಟಾ ಆಚೆಯ ಗುಡ್ಡದವನು.
ಗಾ ಮಾತು ಬರುತ್ತಿದ್ದದ್ದು
ಟ್ರೊಟ್ರೊ ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೇಳುವಷ್ಟು.

ಎರಡನೇ ವರ್ಷ, ಮಾರ್ಚ್. ಚೊರ್ಕೊರ್ ದಂಡೆಯಲ್ಲಿ
ಮೀನಿಗೆ ಹೊಗೆ ಕೊಡುವ ಶೆಡ್ಡಿಗೆ ಬೆಂಕಿ ಬಿತ್ತು.
ವಿಭಾಗದ ಪತ್ರಿಕೆಗೆಂದು ನನ್ನನ್ನೇ ಓಡಿಸಿದರು,
ಬಿಳಿ ಅಂಗಿ, ಕೊರಳಲ್ಲಿ ಹೊಸ ಗುರುತುಚೀಟಿ.
ಎಷ್ಟು ಒಲೆ? ಏಳು.
ಎಷ್ಟು ನಷ್ಟ? ಆಕೆ ನಕ್ಕಳು.
ಹೆಸರು? ಗಾಳಿ ತಿಂದಿತು.
ಪಕ್ಕದ ಮುದುಕಿ ಹೇಳಿದ್ದನ್ನು ಬರೆದುಕೊಂಡೆ.
ಇನ್ನೊಮ್ಮೆ ಕೇಳಲು ನಾಚಿಕೆ,
ವರದಿಗಾರನಿಗೆ ಕಿವಿ ಮಂದ ಅಂದುಕೊಂಡಾರು ಎಂದು.

'ಏಳು ಒಲೆ ಕಳೆದುಕೊಂಡ ಅಕ್ವೆಲೆ.'
ಕೆಳಗೆ ನನ್ನ ಹೆಸರು, ಮೊದಲ ಸಲ, ದಪ್ಪಕ್ಷರದಲ್ಲಿ.
ಅಮ್ಮನಿಗೆ ಫೋಟೊ ಕಳಿಸಿದೆ. ಯಾಯ್ರಾ ಕೆಂಕಿ ಕೊಡಿಸಿದ.

ಶುಕ್ರವಾರ ಆಕೆ ಬಂದಳು, ಎರಡು ಬಸ್ಸು ಬದಲಿಸಿ,
ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು.

"ನಾನು ಅಕುವೊಕೊ.
ಅವಳಿ ಹೆಣ್ಣಾದರೆ ನಮ್ಮಲ್ಲಿ ಹೆಸರು ಹುಡುಕುವುದಿಲ್ಲ.
ಮೊದಲು ಬಂದವಳು ಅಕ್ವೆಲೆ, ಹಿಂದೆ ಬಂದವಳು ನಾನು.
ಆ ಮುದುಕಿ ಇವತ್ತಿಗೂ ಅದಲುಬದಲು ಕರೆಯುತ್ತಾಳೆ.
ಅಕ್ವೆಲೆ ಹೋಗಿ ಹನ್ನೊಂದು ವರ್ಷ.
ಸತ್ತವಳ ಒಲೆ ಸುಟ್ಟೆಯಲ್ಲೋ ಹುಡುಗ."

ಅವಳ ಬೆರಳಲ್ಲಿ ಮಸಿ, ನನ್ನ ಬೆರಳಲ್ಲೂ ಮಸಿ.
ಅವಳದು ದುಡಿದದ್ದು.

ಮೇಡಂ ಬೈಯಲಿಲ್ಲ. ಆಕೆಗೆ ಕುರ್ಚಿ ಎಳೆದು ಕೊಟ್ಟರು,
ನನಗೆ ನಿಂತೇ ಬರಿ ಅಂದರು.
'ಪ್ರಮಾದವಶಾತ್' ಎಂದು ಶುರುಮಾಡಿದೆ, ಹೊಡೆದುಹಾಕಿದರು.
'ವಿಷಾದಿಸುತ್ತೇವೆ', ಅದಕ್ಕೂ ಗೀಟು.
"ಬರೆಯುವಾಗ ಎರಡು ಆರ್ ಹಾಕು,
ಕರೆಯುವಾಗ ನುಂಗು" ಎಂದಳು ಆಕೆ.
ನಾಲ್ಕು ಸಲ ಕರೆದೆ. ನಾಲ್ಕನೆಯದಕ್ಕೆ ಓಗೊಟ್ಟಳು.
ಕೊನೆಗೆ ಉಳಿದದ್ದು ಎರಡು ಸಾಲು.

ಬಾಗಿಲಲ್ಲಿ ನಿಂತು ತಿರುಗಿದಳು:
"ತಪ್ಪಾದದ್ದು ಇನ್ನೂ ಉಳಿದಿದೆಯೇ? ಒಂದು ಕೊಡು.
ಅವಳ ಹೆಸರು ಅಚ್ಚಾದದ್ದು ಇದೊಂದೇ ಸಲ."
ಕಟ್ಟು ಬಿಚ್ಚಿ ಕೊಟ್ಟೆ.
ಈ ಸಲ ಮಡಚಲಿಲ್ಲ. ಸುರುಳಿ ಸುತ್ತಿ,
ಕೂಸನ್ನು ಎತ್ತಿಕೊಂಡಂತೆ ತೋಳಲ್ಲಿಟ್ಟು ಹೋದಳು.

ಮೊನ್ನೆ ರೇಡಿಯೊ ಸ್ಟೇಷನ್ನಿನಲ್ಲಿ ಕೆಲಸದ ಸಂದರ್ಶನ.
ನಿನ್ನ ಬರಹದಲ್ಲಿ ಒಳ್ಳೆಯದೊಂದು ತೋರಿಸು ಅಂದರು.
ಆ ಎರಡು ಸಾಲಿನ ತುಣುಕು ಮುಂದಿಟ್ಟೆ.
ಹಿಂದುಮುಂದು ತಿರುಗಿಸಿ ನೋಡಿದರು.
ಬೆನ್ನಿಗೆ ಹಾಸ್ಟೆಲಿನ ಫುಟ್‌ಬಾಲ್ ಫಲಿತಾಂಶವಿತ್ತು.
ಅದನ್ನು ಪೂರ್ತಿ ಓದಿದರು.