ಹಿಂದಿನ ಎರಡು

ಹುಮನಾಬಾದ್ ಬೇಸಿನ ಲಾಲಸಾಬನ ಅಂಗಡಿ ಮುಂದ
ಜಾಕಿನ ಮ್ಯಾಲ ನಿಂತದ ನನ್ನ ಗಾಡಿ,
ನಾಲ್ಕೂ ಕಾಲು ಬಿಚ್ಚಿಕೊಂಡು.
ಹೈದರಾಬಾದಿನಾಗ ಯಾರೋ ಬ್ಯಾಸತ್ತು ಮಾರಿದ್ದು.
ಎರಡೇ ಸೀಟು, ಜೋರೆಲ್ಲ ಹಿಂದಿನ ಗಾಲಿಗೆ,
ಬಣ್ಣ ಹುರಿದ ತೊಗರಿದು.

"ಮಿಸ್ತ್ರಿ, ಹಿಂದಿನವು ಬೋಳಾಗ್ಯಾವ, ಮುಂದಿನವು ಇನ್ನೂ ಅರ್ಧ ಅವ.
ಅದೇ ಅಳತಿ ಹಾಕ್ಲೋ, ನಾಲ್ಕೂ ಒಂದೇ ಮಾಡ್ಲೋ?
ಚಹಾ ಬರೋದ್ರಾಗ ಹೇಳ್ರಿ."

ಚಹಾ ಬಂತು. ಕುಡಿದೂ ಆಯ್ತು.

ಮುಂದ ಇನ್ನೂರ ಇಪ್ಪತ್ತೈದು,
ಹಿಂದ ಇನ್ನೂರ ಐವತ್ತೈದು.
ಎತ್ತರ ಒಂದೇ, ಅಗಲ ಮೂರು ಸೆಂಟಿಮೀಟರ್ ಹೆಚ್ಚು.
ಎರಡು ಬೆರಳು ತುಂಬದ ಈ ಅಗಲಕ್ಕ
ಮೂರು ದಿವಸ ನನಗ ನಿದ್ದಿಲ್ಲ.

ಇಪ್ಪತ್ತಾರು ವರ್ಷ ಬೇಳೆ ಮಿಲ್ಲಿನ ಪುಲ್ಲಿ ನೋಡಿದವ ನಾ.
ಒಂದು ದೊಡ್ಡದು ಒಂದು ಸಣ್ಣದು ಇದ್ದರೇ
ಮಷಿನ್ನು ಬೇಕಾದ ಗತಿಗೆ ಬರೋದು,
ಅದು ಗೊತ್ತದ.
ಅದೇ ಪುಲ್ಲಿ ಮ್ಯಾಲಿನ ನಾಲ್ಕು ಬೆಲ್ಟಿನಾಗ
ಒಂದು ಹರಿದ್ರೂ ನಾಲ್ಕೂ ಬದಲಿ ಮಾಡ್ಬೇಕು,
ಇಲ್ಲಾಂದ್ರ ಹೊಸಾದೊಂದೇ ಭಾರ ಹೊತ್ತು ಸಾಯ್ತದ,
ಹಳೇ ಮೂರು ಸುಮ್ಮ ಕುಣೀತಾವ.
ಅದೂ ಗೊತ್ತದ.
ಎರಡೂ ಗೊತ್ತಿದ್ದವಗೇ ತ್ರಾಸು.

ನನ್ನ ಕೈಕೆಳಗಿನ ಹುಡುಗ ಅಮೃತ, ಹತ್ತೊಂಬತ್ತರವ,
ಅವಗ ಅಗಲದ್ದೇ ಬೇಕು.
"ಹಿಂದಿನಿಂದ ನೋಡ್ರಿ ಕಾಕಾ, ಪೈಲ್ವಾನ ತೊಡಿ ತಟ್ಟಿ ಕುಂತಂಗದ."
ಖರೆ. ನಾನೂ ಆ ಬೆನ್ನು ನೋಡೇ ರೊಕ್ಕ ಕೊಟ್ಟದ್ದು,
ಸುಳ್ಳ್ಯಾಕ ಹೇಳ್ಲಿ.

ಆದ್ರ ಸೇಡಂ ರಸ್ತೆಯ ತಿರುವಿನಾಗ,
ಲಾರಿಲಿಂದ ಫರಸಿ ಪುಡಿ ಉದುರಿದಲ್ಲಿ,
ಸ್ಟೇರಿಂಗು ಹೊಳ್ಳಿದ್ರೂ ಮೂಗು ಹೊಳ್ಳೂದಿಲ್ಲ,
ನೆಟ್ಟಗ ಕಡ್ಲಿ ಹೊಲಕ್ಕ ಹೋಗೂನು ಅಂತದ.
ಹಿಂದಿನವು ಅಷ್ಟು ಗಟ್ಟಿ ನೆಲ ಹಿಡಿದ್ರ
ಮುಂದಿನ ಎರಡರ ಮಾತು ಯಾರು ಕೇಳ್ತಾರ?
ಕಂಪನಿಯವ್ರು ಬೇಕಂತೇ ಹಿಂಗ ಮಾಡಿರ್ತಾರಂತ.
ಬಾಲ ಬೀಸಿದ್ರ ಮಂದಿ ಸಾಯ್ತಾರ,
ಮೂಗು ಜಾರಿದ್ರ ಬೈಕೋತ ಬ್ರೇಕ್ ಒತ್ತತಾರ.

ಲಾಲಸಾಬ ಕೈ ಒರೆಸ್ಕೋತ ಅಂದ,
"ನಾಲ್ಕೂ ಒಂದೇ ಆದ್ರ ಹಿಂದಿಂದು ಮುಂದ, ಮುಂದಿಂದು ಹಿಂದ ಹಾಕ್ಕೋತ ಹೋಗ್ಬಹುದು,
ಕೂಡೇ ಮುದುಕಾಗ್ತಾವ.
ಹದಿನೇಳರ ರಿಮ್ಮಿಗೆ ಇಳೀರಿ, ರಬ್ಬರು ಎತ್ತರ ಬರ್ತದ,
ನಮ್ಮೂರ ಗುಂಡಿಗೆ ರಿಮ್ಮು ಸೀಳೂದಿಲ್ಲ.
ಖರೇ ಹೇಳ್ತೀನಿ, ಮಳಿಯಾಗ ಮಾತ್ರ ಕಾಲು ಹಗುರ ಇಡ್ರಿ.
ಬಾಲ ಈಗಿನಂಗ ಮಾಫ್ ಮಾಡೂದಿಲ್ಲ."

ಕಸ್ತೂರಬಾಯಿ ಫೋನಿನಾಗ ಕೇಳಿದ್ದು ಒಂದೇ.
"ಪಂಚರಾದ್ರ ಒಂದು ಸ್ಟೆಪ್ನಿ ನಾಲ್ಕಕ್ಕೂ ಕೂಡ್ತದೋ ಇಲ್ಲೋ?
ಹೋದ ಸಲ ಮಳಖೇಡದಾಗ
ಎರಡು ತಾಸು ಬೇವಿನ ಗಿಡದ ಬುಡಕ ಕುಂತಾಕಿ ನಾ."

ಇನ್ನೂರ ಇಪ್ಪತ್ತೈದು, ನಲವತ್ತೈದು, ಹದಿನೇಳು.
ನಾಲ್ಕು. ಅಲ್ಲ, ಐದು.
ಹೇಳಿದ ಮ್ಯಾಲ ಬಾಯಿ ಒಣಗ್ತು.
ಅಮೃತ ಸಂಜಿತನಕ ಮಾತಾಡ್ಲಿಲ್ಲ.

ದೀಪ ಹತ್ತೋ ಹೊತ್ತಿಗೆ ರಿಂಗ್ ರೋಡಿಗೆ ಬಂದೆ.
ಗಾಡಿ ಹಿಂದಿನಿಂದ
ಒಂದೊತ್ತು ಉಪವಾಸ ಇದ್ದಂಗ ಕಾಣ್ತಿತ್ತು.
ಕಪನೂರಿನ ಹೊರಳಿನಾಗ, ಮಿಲ್ಲಿನ ಹೊಟ್ಟು ಹಾರೋ ಜಾಗದಾಗ,
ಕೈ ಇನ್ನೂ ಪೂರ್ತಿ ಹೊಳ್ಳಿದ್ದಿಲ್ಲ,
ಮೂಗು ಆಗಲೇ ಹೊಳ್ಳಿ ನಿಂತಿತ್ತು.
ಹಿಂದ ಏನೋ ಒಂದಿಷ್ಟು ಸರಿದಂಗಾಯ್ತು.
ಒಂದು ಗೇಣೂ ಇಲ್ಲ, ಬೆರಳಷ್ಟು.
ಎದಿ ಝಲ್ ಅಂತು, ಆಮ್ಯಾಲ ನಗು ಬಂತು,
ಕಾಲು ತಾನೇ ಹಗುರಾಯ್ತು.

ಆ ಅಗಲದ ರಿಮ್ಮು ಎರಡೂ ವರ್ಕಶಾಪಿನಾಗ
ಬೆಲ್ಟು ನೇತಾಡೋ ಗೋಡಿ ಬುಡಕ ಅವ.
ಅಮೃತ ದಿನಾ ಒರೆಸ್ತಾನ, ಯಾರೂ ಹೇಳಿಲ್ಲ.
ಕೊಡ್ತೀರೇನು ಅಂತ ಇಬ್ಬರು ಬಂದು ಕೇಳ್ಯಾರ.
ನಾ ಇನ್ನೂ ರೇಟು ಹೇಳಿಲ್ಲ.