ಹನ್ನೆರಡನೇ ಕಲಮು

ಮಂಡಕ್ಕಿ ಭಟ್ಟಿಯ ಹೊಗೆ ರಾತ್ರಿಯೆಲ್ಲ ಕೂತು
ಬೆಳ್ಳನೆಯ ಕಾರು ಬೆಳಗಾಗುವಾಗ
ಒಲೆಯ ಹಿಂದಿನ ಗೋಡೆಯಾಗಿರುತ್ತದೆ.
ದಾವಣಗೆರೆಯಲ್ಲಿ ನನ್ನ ಮೊದಲ ಗಿರಾಕಿ
ಯಾವತ್ತೂ ಆ ಓಣಿಯವರೇ.

ಒಣ ಬಟ್ಟೆ ಹಾಕಬೇಡ ಅಂತ
ಎಷ್ಟು ಸಲ ಹೇಳಿದ್ದೇನೆ ಚಮನನಿಗೆ.
ಮಸಿಯೊಳಗೆ ಮರಳಿರುತ್ತದೆ,
ಮರಳಿಗೆ ಉಗುರಿರುತ್ತದೆ.
ಮೊದಲು ನೀರು, ಆಮೇಲೆ ಶಾಂಪೂ,
ಆಮೇಲೆ ಸುಮ್ಮನೆ ಎಣಿಸು, ಅರವತ್ತರ ತನಕ.

ಬೆಂಡೆಕಾಯಿ ಹೆಚ್ಚುವಾಗ ಈಳಿಗೆಗೆ ಹತ್ತುವ ಲೋಳೆ
ಎಳೆದಷ್ಟೂ ಎಳೆಯಾಗಿ ಬರುತ್ತದಲ್ಲ,
ಅಂಥದೇ ಒಂದು ಈ ನೀಲಿ ಡ್ರಮ್ಮಿನಲ್ಲಿದೆ.
ಪಾಲಿಮರ್ ಅಂತಾರೆ.
ದಾರವಿಲ್ಲದ ಸರ:
ಮಣಿಯ ಕೈಯನ್ನು ಮಣಿಯೇ ಹಿಡಿದು
ಸಾವಿರಗಟ್ಟಲೆ ಉದ್ದ.
ಮರಳಿಗೂ ಬಣ್ಣಕ್ಕೂ ನಡುವೆ ಹೋಗಿ ಮಲಗುತ್ತದೆ,
ಜಗಳ ಬಿಡಿಸಲು ಬಂದ ದೊಡ್ಡಮ್ಮನ ಹಾಗೆ
ಇಬ್ಬರಿಗೂ ತಾನು ತಾಗಿ
ಒಬ್ಬರಿಗೊಬ್ಬರನ್ನು ತಾಗಗೊಡದೆ.
ಮರಳು ಜಾರುತ್ತದೆ.

ನಮ್ಮವ್ವ ಮಿಲ್ಲಿನಲ್ಲಿ ನೂಲಿಗೆ ಗಂಜಿ ಕುಡಿಸುತ್ತಿದ್ದಳು.
ಅದೂ ಸರವೇ, ಗಂಜಿಯ ಸರ.
ಮೋರಿಗೆ ಚೆಲ್ಲಿದರೆ ನಾಯಿ ನೆಕ್ಕುತ್ತಿತ್ತು,
ಮೂರನೇ ದಿನ ಹುಳಿ ವಾಸನೆ,
ವಾರಕ್ಕೆ ಏನೂ ಇಲ್ಲ.
ಇದು ಹುಳಿಯುವುದಿಲ್ಲ.

'ಅಕ್ಕಾ, ಇದು ಕೈ ತಿಂತೈತಾ?'
ಬಿರಿದ ಬೆರಳು ಚಾಚಿ ಕೇಳಿದ ಚಮನ್.
ಹುಬ್ಬಳ್ಳಿಯ ಏಜೆಂಟ್ ಅಲ್ಲೇ ಇದ್ದ.
ಮುಚ್ಚಳ ತೆಗೆದು, ಬೆರಳದ್ದಿ, ನಾಲಿಗೆಗೆ ಇಟ್ಟುಕೊಂಡ.
'ಏನೂ ಆಗೂದಿಲ್ಲ ನೋಡ್ರಿ.'
ಆಮೇಲೆ ನಮ್ಮ ನಲ್ಲಿಯಲ್ಲಿ
ಬಹಳ ಹೊತ್ತು ಬಾಯಿ ಮುಕ್ಕಳಿಸಿದ.

ಕಾಗದ ತರಿಸಿದೆ. ಹದಿನಾರು ಕಲಮು, ಇಂಗ್ಲಿಷು.
ಪಿಯುಸಿ ಸೈನ್ಸು ಅರ್ಧಕ್ಕೆ ಬಿಟ್ಟವಳು ನಾನು,
ಕರೆಂಟು ಹೋದ ಮಧ್ಯಾಹ್ನಗಳಲ್ಲಿ
ಮೊಬೈಲಿನಲ್ಲಿ ಅರ್ಥ ಹುಡುಕುತ್ತ ಓದಿದೆ.
ಬಿಡಿ ಮಣಿ ವಿಷವಂತೆ, ನರಕ್ಕೆ ಹತ್ತುತ್ತದಂತೆ.
ಕೈ ಹಿಡಿದು ಸರವಾದ ಮೇಲೆ ಸಾಧು,
ಚರ್ಮದೊಳಗೆ ತೂರಲಾರದಷ್ಟು ಉದ್ದ.
ಸರಕ್ಕೆ ಸೇರದ ಒಂಟಿ ಮಣಿಗಳು
ಚೂರುಪಾರು ಉಳಿದಿರಬಹುದು, ಮಿತಿಯೊಳಗೆ.

ಕೈ ಒಡೆಸುವವನು ಬೇರೆ,
ಅದೇ ಕಾಗದದ ಮೂರನೇ ಸಾಲಿನಲ್ಲಿ
ಸಭ್ಯನ ಹಾಗೆ ಕೂತ ಕಾಸ್ಟಿಕ್ಕು.
ಜೊತೆಗೆ ನಮ್ಮ ಬೋರಿನ ಗಡಸು ನೀರು.
ಜೊತೆಗೆ ದಿನಕ್ಕೆ ಹತ್ತು ತಾಸು ಒದ್ದೆ,
ಅದನ್ನು ಯಾವ ಕಲಮಿನಲ್ಲೂ ಬರೆದಿಲ್ಲ.

ಹನ್ನೆರಡನೇ ಕಲಮು:
ನೀರಿಗೆ ಬಿಟ್ಟರೆ? ಮೀನಿಗೆ? ಮಣ್ಣಿಗೆ?
ಕರಗಲು ಎಷ್ಟು ವರ್ಷ?
ಎಲ್ಲದರ ಎದುರಿಗೂ ಒಂದೇ ಉತ್ತರ,
ಮಾಹಿತಿ ಲಭ್ಯವಿಲ್ಲ.
ಹಾನಿಯಿಲ್ಲ ಅಂತಲ್ಲ.
ಹಾನಿಯಿದೆ ಅಂತಲೂ ಅಲ್ಲ.
ಯಾರೂ ಹೋಗಿ ನೋಡಿಲ್ಲ ಅಂತ.

ಚಮನನಿಗೆ ಗವಸು ತಂದೆ.
ಎರಡು ದಿನ ಹಾಕಿ, ಸೆಕೆ ಅಂತ ಕಳಚಿ
ನಲ್ಲಿಗೆ ಸಿಕ್ಕಿಸಿದ.
ನೀರು ತುಂಬಿ ಅದು
ಐದು ಬೆರಳೂ ಉಬ್ಬಿಸಿ ನಿಂತಿದೆ,
ಯಾರನ್ನೋ ತಡೆಯುವ ಹಾಗೆ.
ಕಾಸ್ಟಿಕ್ಕಿಲ್ಲದ ಡ್ರಮ್ಮಿಗೆ ಹೇಳಿದ್ದೇನೆ, ದುಬಾರಿ.
ಶೆಡ್ಡಿನ ಹಿಂದೆ ಹೊಂಡ ತೋಡಿಸಿ
ಜಲ್ಲಿ ಸುರಿಸಿದ್ದೇನೆ.

ಸಂಜೆ ತೊಳೆದ ಬಾನೆಟ್ಟಿನ ಮೇಲೆ
ನೀರು ಹರಡದೆ ಮಣಿಮಣಿಯಾಗಿ ನಿಲ್ಲುತ್ತದೆ.
ಗಿರಾಕಿ ಫೋಟೋ ತೆಗೆಯುತ್ತಾನೆ.
ನಾನು ಹಿಂದೆ ಹೋಗುತ್ತೇನೆ.
ನೊರೆ ಒಡೆದಿತ್ತು ಇವತ್ತು.
ಅಂಚಿಗೆ ಒಂದು ಕಪ್ಪೆ,
ಕೂತಿದೆಯೋ, ಸತ್ತಿದೆಯೋ.
ಕಡ್ಡಿಯಲ್ಲಿ ಮುಟ್ಟಿದೆ.

ಬಿಲ್ ಬುಕ್ಕಿನ ಹಿಂಬದಿಗೆ ಬರೆದಿಟ್ಟೆ:
ತಾರೀಖು. ಮಂಗಳವಾರ. ಕಪ್ಪೆ ಒಂದು.
ಹಾರಿತು.