ಸಾಲ, ಸಾಲು

ಹತ್ತೂವರೆಗೆ ದೇವದುರ್ಗದ್ದು ಬರುತ್ತದೆ,
ಮಾನ್ವಿಯದು ಅದರ ಬೆನ್ನಿಗೇ.
ಮಸ್ಕಿ ಶಾಖೆಯ ಫೈಲು ಯಾವತ್ತೂ ತಡ.
ಅಲ್ಲಿ ಕರೆಂಟು ಹೋದರೆ, ಜನರೇಟರಿಗೆ ಡೀಸೆಲ್ ತರಲು
ವಾಚ್‌ಮನ್ ಲಾಲಪ್ಪನೇ ಕ್ಯಾನು ಹಿಡಿದು ನಡೆಯಬೇಕು.

ನಾನು ರಾಯಚೂರಿನ ಹೆಡ್ಡಾಫೀಸಿನ ಮೂರನೇ ಮಹಡಿ,
ರಾತ್ರಿ ಪಾಳಿ.
ಸುತ್ತೋಲೆ ಇದನ್ನು ದತ್ತಾಂಶ ಉಗ್ರಾಣ ಅನ್ನುತ್ತದೆ.
ಅವ್ವನಿಗೆ ತಿಳಿಯಲೆಂದು ನಾನು ಹಗೇವು ಅಂದೆ.
‘ಹಗೇವು ತೆಗಿಯೂ ಮುಂಚೆ ದೀಪ ಇಳಿಬಿಡ್ತೀರೇನು?
ಒಳಗಿನ ಗಾಳಿ ಕೆಟ್ಟಿದ್ರ ಆರ್ತದ.
ಆಗ ಇಳೀಬಾರ್ದವ್ವ.’

ಇಳಿಬಿಡುತ್ತೇವೆ.
ಅರವತ್ತೆರಡು ಶಾಖೆಗಳ ಮೊತ್ತ ಒಂದು ಕಡೆ,
ಮೂಲ ಲೆಡ್ಜರಿನ ಮೊತ್ತ ಇನ್ನೊಂದು ಕಡೆ,
ನಡುವೆ ಒಂದು ಪೈಸೆ ಉಳಿದರೂ
ದೀಪ ಆರುತ್ತದೆ, ಬೆಳಗಿನ ವರದಿ ಹೊರಡುವುದಿಲ್ಲ.

ಇವತ್ತು ಉರಿಯಿತು.
ಹಣವೆಲ್ಲ ಸರಿ.
ಉಳಿದವನು ಒಬ್ಬ ಮನುಷ್ಯ.

ತಿರಸ್ಕೃತ ಸಾಲು ನಾಲ್ಕುನೂರ ಹದಿನೇಳು:
ಹುಸೇನಪ್ಪ, ತಂದೆ ಈರಪ್ಪ, ಸಿರವಾರ ಶಾಖೆ.
ಎಮ್ಮೆ ಸಾಲ ನಲವತ್ತೆಂಟು ಸಾವಿರ.
ಒಂದು ಕಂತೂ ತಪ್ಪಿಲ್ಲ.
ಪುಣೆಯ ಕಂಪನಿ ಬರೆದ ನಿಯಮ
ಹೆಸರಿನ ತಲೆ ನೋಡಿ
ಅವನನ್ನು ಅಲ್ಪಸಂಖ್ಯಾತರ ಕೋಷ್ಟಕಕ್ಕೆ ಎತ್ತಿ ಹಾಕಿತು.
ಅಲ್ಲಿಯ ನಿಯಮ ಅಪ್ಪನ ಹೆಸರು ನೋಡಿ
ಹೊರಗೆ ತಳ್ಳಿತು.
ಎರಡು ಕೋಷ್ಟಕಗಳ ನಡುವಿನ ಓಣಿಯಲ್ಲಿ ಈಗ ನಿಂತಿದ್ದಾನೆ,
ಎಮ್ಮೆ ಸಮೇತ.

ಸಹಾಯವಾಣಿಯ ಹುಡುಗ ಟೈಪಿಸಿದ:
ಡೇಟಾ ತಪ್ಪಿದೆ ಮೇಡಂ, ಶಾಖೆಯಿಂದ ತಿದ್ದಿಸಿ.

ತಪ್ಪಿಲ್ಲಪ್ಪಾ ಅಂತ ಬರೆದೆ.
ಹುಟ್ಟಿದ ಎರಡು ಕೂಸು ಉಳಿಯದೆ
ಅವನವ್ವ ಅಲೈ ಕುಣಿಯ ಬೂದಿ ಹಣೆಗಿಟ್ಟು ಬೇಡಿಕೊಂಡಿರಬೇಕು,
ಉಳಿದರೆ ನಿನ್ನ ಹೆಸರೇ ಇಡತೀನಿ ಅಂತ.
ಉಳಿದ. ಇಟ್ಟಳು.
ಮನೆಯಲ್ಲಿ ಈರಣ್ಣನ ಫೋಟೋ ಹಾಗೆಯೇ ಇದೆ.
ಇದಕ್ಕೆ ನಿಮ್ಮಲ್ಲಿ ಯಾವ ಕೋಡು?

‘ಇತರೆ’ ಅಂತ ಹಾಕಬಹುದು ಮೇಡಂ.
ನಿಮ್ಮ ಹೆಸರು, ಟಿಕೆಟ್ಟಿಗೆ?

ಮೌಲಮ್ಮ, ತಂದೆ ದುರುಗಪ್ಪ.

ಐದು ನಿಮಿಷ ಆ ಕಡೆಯಿಂದ
ಮೂರು ಚುಕ್ಕಿ ಮೂಡಿದವು, ಅಳಿಸಿಹೋದವು,
ಮತ್ತೆ ಮೂಡಿದವು.

ಆರಕ್ಕೆ ಜನರಲ್ ಮ್ಯಾನೇಜರರ ಪರದೆಯ ಮೇಲೆ
ಜಿಲ್ಲೆ ಒಂದು ಬಣ್ಣದ ಚಕ್ರವಾಗಿ ಏಳಬೇಕು.
ಹಸಿರು ಹೋಳು, ಕೇಸರಿ ಹೋಳು, ನಡುವೆ ಕೂದಲೆಳೆಯ ಗೆರೆ.
ಆ ಗೆರೆ ಎಷ್ಟು ಅಗಲ ಅಂತ
ಚಕ್ರ ಬರೆದವರು ಅಳೆದಿಲ್ಲ.
ನಾನು ‘ಇತರೆ’ ಮೇಲೆ ಬೆರಳಿಟ್ಟೆ. ತೆಗೆದೆ.
ಫ್ಲಾಸ್ಕಿನ ತಳದ ಚಹಾ ಕುಡಿದೆ, ತಣ್ಣಗಾಗಿತ್ತು.

ಮೂರು ಹತ್ತು.
ಮಸ್ಕಿಯ ಫೈಲು ಬಂತು.
ಲಾಲಪ್ಪ ಡೀಸೆಲ್ ತಂದಿರಬೇಕು.
ತೆರೆದರೆ ಫಕೀರಪ್ಪ, ತಂದೆ ಹನುಮಂತ.
ಹುಸೇನಮ್ಮ, ಗಂಡ ಅಮರಪ್ಪ.
ಇಮಾಮಪ್ಪ, ಮೌಲಪ್ಪ, ಇನ್ನೊಬ್ಬ ಹುಸೇನಪ್ಪ,
ಸಾಲದ ಹಿಂದೆ ಸಾಲು,
ಸಾಲಿನ ಹಿಂದೆ ಸಾಲು,
ಆಡು, ಹೊಲಿಗೆ ಯಂತ್ರ, ತಳ್ಳುಗಾಡಿ ಸಮೇತ ಬರುತ್ತಿದ್ದಾರೆ.

ಓಣಿಯಲ್ಲಿ ಎಮ್ಮೆಗೆ
ಹೊರಳಲೂ ಜಾಗವಿಲ್ಲ ಈಗ.